ಗುಳ್ಳೆ ಮೇಲೇರುವ ಹೊತ್ತು

ಪುಣೆಯಿಂದ ಲೋಣಾವಳೆಗೆ ಹೋಗುವ ಲೋಕಲ್ ರೈಲಿನ ದಾರಿಯಲ್ಲಿ ತಳೇಗಾಂವ ದಾಭಾಡೆ ಸಿಗುತ್ತದೆ. ಮರಾಠಾ ಸೇನಾಪತಿಗಳಾದ ದಾಭಾಡೆ ಮನೆತನದ ಊರು. 1908ರಲ್ಲಿ ಇಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಅಂತಾಜಿ ದಾಮೋದರ ಕಾಳೆ ಎಂಬುವರು ತಲೆಗೊಂದು ಪೈಸೆಯಂತೆ ಜನರಿಂದ ಕೂಡಿಸಿದ ನಿಧಿಯೇ ಪೈಸಾ ಫಂಡ್. ಆಗ ರೂಪಾಯಿಗೆ 64 ಪೈಸೆ. ಒಂದು ರೂಪಾಯಿ ಆಗಬೇಕಾದರೆ 64 ಜನರ ಮುಂದೆ ಕೈಯೊಡ್ಡಬೇಕು. ಬೆನ್ನಿಗೆ ಲೋಕಮಾನ್ಯ ತಿಲಕರಿದ್ದರು. ಸ್ವದೇಶಿ ಚಳವಳಿ ಕಾವೇರಿದ್ದ ಕಾಲ.

ದುಡ್ಡು ಕೂಡಿತು, ಕುಲುಮೆ ಹೊತ್ತಿತು. ಆದರೆ ತಿಳಿಯಾದ ಗಾಜು ಮಾಡುವುದು ಬೇರೆಯೇ ವಿದ್ಯೆ. ಮರಳು, ಸೋಡಾ, ಸುಣ್ಣಕಲ್ಲು ಮೂರನ್ನೂ ಮೂಸೆಗೆ ಹಾಕಿ ಕಾಯಿಸಿದರೆ ಸೋಡಾ ಮತ್ತು ಸುಣ್ಣಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪಾಕದ ತುಂಬ ಗುಳ್ಳೆ. ಅವು ಹೋಗುವ ಮೊದಲೇ ಗಾಜನ್ನು ಊದಿದರೆ ಸೀಸೆಯ ಮೈಯಲ್ಲಿ ಹಾಗೇ ಉಳಿಯುತ್ತವೆ. ಹಳೆಯ ಸೀಸೆಗಳನ್ನೂ ಕಂದೀಲಿನ ಗಾಜುಗಳನ್ನೂ ಬೆಳಕಿಗೆ ಹಿಡಿದರೆ ಉದ್ದಕ್ಕೆ ಎಳೆದ ಸಣ್ಣ ಗುಳ್ಳೆಗಳು ಕಾಣುತ್ತವೆ. ಊದುವಾಗ ಗಾಜು ಯಾವ ಕಡೆಗೆ ಹಿಗ್ಗಿತೆಂಬುದನ್ನು ಅವು ಇವತ್ತಿಗೂ ಹೇಳುತ್ತವೆ.

ಗುಳ್ಳೆ ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ? ಈ ಲೆಕ್ಕ ಹುಟ್ಟಿದ್ದು ಗಾಜಿನ ಕುಲುಮೆಯ ಹತ್ತಿರವಲ್ಲ, ಲೋಲಕದ ಹತ್ತಿರ. ಭೂಮಿಯ ಗುರುತ್ವವನ್ನು ಲೋಲಕ ತೂಗಿಸಿ ಅಳೆಯುವವರಿಗೆ ಗಾಳಿ ದೊಡ್ಡ ತೊಡಕಾಗಿತ್ತು. ತೂಗುವ ಗುಂಡು ತನ್ನ ಸುತ್ತಲ ಗಾಳಿಯನ್ನೂ ಜೊತೆಗೆ ಎಳೆದಾಡುತ್ತದೆಂದು ಜರ್ಮನಿಯ ಬೆಸೆಲ್ ತೋರಿಸಿಕೊಟ್ಟಿದ್ದರು. ಐರ್ಲೆಂಡಿನಲ್ಲಿ 1819ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ನ್ಯೂಟನ್ ಕೂತಿದ್ದ ಪೀಠಕ್ಕೆ ಬಂದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಇದಕ್ಕೆ ಗಾಳಿಯ ಒಳತಿಕ್ಕಾಟವನ್ನೂ ಸೇರಿಸಿ ಬರೆದ ಪ್ರಬಂಧ 1851ರಲ್ಲಿ ಅಚ್ಚಾಯಿತು. ಅದರೊಳಗೇ, ದ್ರವದಲ್ಲಿ ನಿಧಾನವಾಗಿ ಒಂದೇ ವೇಗದಿಂದ ಸಾಗುವ ಗುಂಡಿನ ಲೆಕ್ಕವೂ ಇತ್ತು. ಮೋಡದ ಹನಿಗಳು ಥಟ್ಟನೆ ಕೆಳಗೆ ಬೀಳದೆ ನಿಲ್ಲುವುದೇಕೆ ಎಂಬುದನ್ನೂ ಅದರಿಂದಲೇ ಅವರು ವಿವರಿಸಿದರು. ಮುಂದೆ ಮಿಲಿಕನ್ ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶ ಅಳೆದದ್ದೂ ಇದೇ ಸೂತ್ರವನ್ನು ತಿದ್ದಿ ಬಳಸಿಯೇ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಈ ಸೂತ್ರ ಹರಳೆಣ್ಣೆಯ ಜಾಡಿಯಾಗಿ ನಿಂತಿದೆ. ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡನ್ನು ಬಿಟ್ಟರೆ ಅದು ಕ್ಷಣದಲ್ಲೇ ವೇಗ ಹೆಚ್ಚಿಸಿಕೊಳ್ಳುವುದನ್ನು ನಿಲ್ಲಿಸಿ, ಸೆಕೆಂಡಿಗೆ ಸುಮಾರು ಎರಡು ಸೆಂಟಿಮೀಟರಿನಂತೆ ಒಂದೇ ಗತಿಯಲ್ಲಿ ಇಳಿಯುತ್ತದೆ. ಗುಂಡಿನ ತೂಕ, ಎಣ್ಣೆ ಮೇಲಕ್ಕೆ ಒತ್ತುವ ಬಲ, ತಡೆ ಮೂರೂ ಸರಿದೂಗಿದ ಸ್ಥಿತಿ ಅದು. ಮಕ್ಕಳು ಹೊತ್ತು ಅಳೆದು ಎಣ್ಣೆಯ ಸ್ನಿಗ್ಧತೆ, ಅಂದರೆ ಅದು ಹರಿಯಲು ಎಷ್ಟು ಮಂದ ಎಂಬುದನ್ನು, ಬರೆದುಕೊಳ್ಳುತ್ತಾರೆ. ಆ ಜಾಡಿಯ ಪಕ್ಕದಲ್ಲಿ ಗುಳ್ಳೆಯಿರುವ ಒಂದು ಹಳೆಯ ಸೀಸೆಯನ್ನೂ ಇಡಬೇಕೆಂದು ನನ್ನ ಆಸೆ. ಗುಂಡು ದ್ರವಕ್ಕಿಂತ ಹಗುರವಾದರೆ ದಿಕ್ಕು ಬದಲಾಗುತ್ತದೆ, ಸೂತ್ರ ಬದಲಾಗುವುದಿಲ್ಲ. ಮುಳುಗುವ ಗುಂಡಿನ ಲೆಕ್ಕವೇ ಏಳುವ ಗುಳ್ಳೆಯ ಲೆಕ್ಕ.

ಇದನ್ನು ಮೂಸೆಗೆ ಹೊಂದಿಸಿ ನೋಡೋಣ. ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯ ಗಾಜಿನ ಪಾಕ ಗಟ್ಟಿ ಜೇನಿನಷ್ಟು ಮಂದ. ಅರ್ಧ ಮೀಟರ್ ಆಳದಿಂದ ಒಂದು ಮಿಲಿಮೀಟರ್ ಅಗಲದ ಗುಳ್ಳೆ ಮೇಲೆ ಬರಲು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಾಕು. ಅದರ ಹತ್ತನೇ ಒಂದರಷ್ಟು ಅಗಲದ ಗುಳ್ಳೆಗೆ? ವೇಗ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನೂರು ಪಟ್ಟು ಹೊತ್ತು, ಅಂದರೆ ನಾಲ್ಕೂವರೆ ದಿನ. ಅಷ್ಟು ದಿನ ಕುಲುಮೆ ಉರಿಸಿದರೆ ಸೌದೆ ಕಲ್ಲಿದ್ದಲಿನ ಖರ್ಚಿಗೇ ಕಾರ್ಖಾನೆ ಮುಚ್ಚಬೇಕಾದೀತು. ಇನ್ನು ಊದುವ ಹದಕ್ಕೆಂದು ಪಾಕವನ್ನು ಸುಮಾರು 1000 ಡಿಗ್ರಿಗೆ ಇಳಿಸಿದರಂತೂ ಅದರ ಸ್ನಿಗ್ಧತೆ ನೂರು ಪಟ್ಟು ಏರುತ್ತದೆ. ಆಗ ಸಣ್ಣ ಗುಳ್ಳೆ ಇದ್ದಲ್ಲೇ ಸಿಕ್ಕಿಬಿದ್ದಂತೆ.

ಗಾಜಿನ ಕೆಲಸಗಾರರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಗುಳ್ಳೆಯನ್ನು ಅವಸರಪಡಿಸಲಾಗದು, ಆದರೆ ದೊಡ್ಡದು ಮಾಡಬಹುದು. ಬಿಳಿ ಪಾಷಾಣ ಮತ್ತು ಪೆಟ್ಲುಪ್ಪನ್ನು ಚೂರು ಸೇರಿಸಿದರೆ ಕಾವು ಏರಿದಾಗ ಆಮ್ಲಜನಕ ಹೊರಬರುತ್ತದೆ. ಅದು ಪುಟ್ಟ ಗುಳ್ಳೆಗಳೊಳಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಅಗಲ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು. ಯುರೋಪಿನ ಕುಲುಮೆಗಳಲ್ಲಿ ಇನ್ನೂ ಸರಳವಾದ ದಾರಿ ಇತ್ತು: ಕಬ್ಬಿಣದ ಸರಳಿನ ತುದಿಗೆ ಒಂದು ಆಲೂಗಡ್ಡೆಯನ್ನೋ ಒದ್ದೆ ಮರದ ತುಂಡನ್ನೋ ಚುಚ್ಚಿ ಪಾಕದ ತಳಕ್ಕೆ ಅದ್ದುವುದು. ಹಬೆಯ ದೊಡ್ಡ ಗುಳ್ಳೆಗಳು ಪಾಕವನ್ನು ಕಲಕಿ, ಸಣ್ಣವನ್ನೂ ಎಳೆದುಕೊಂಡು ಮೇಲೆ ಬರುತ್ತಿದ್ದವು. ಸ್ಟೋಕ್ಸ್‌ನ ಹೆಸರನ್ನೇ ಕೇಳದ ಕೈಗಳು ತ್ರಿಜ್ಯದ ವರ್ಗವನ್ನು ಹೀಗೆ ಬಳಸಿಕೊಂಡವು.

ಗಣಿತವೂ ಅಲ್ಲಿಗೇ ನಿಲ್ಲಲಿಲ್ಲ. ಗುಳ್ಳೆಯ ಮೈ ಗಟ್ಟಿ ಗುಂಡಿನಂತಲ್ಲ, ಜಾರುತ್ತದೆ. ಒಳಗಿನ ಗಾಳಿಯೂ ಸುತ್ತುತ್ತದೆ. ಹಾಗಾಗಿ ಅದು ಒಂದೂವರೆ ಪಟ್ಟು ಬೇಗ ಏರಬಲ್ಲದೆಂದು 1911ರಲ್ಲಿ ಹಡಮಾರ್ ಮತ್ತು ರಿಬ್ಚಿನ್ಸ್ಕಿ ಬೇರೆಬೇರೆಯಾಗಿ ತೋರಿಸಿದರು. ಆಗ ತಳೇಗಾಂವದ ಕುಲುಮೆಗೆ ಮೂರು ವರ್ಷ.

ಆ ಕುಲುಮೆಯ ಆರಂಭಕ್ಕೆ ತಜ್ಞರಾಗಿದ್ದವರು ಜಪಾನ್ ಮತ್ತು ಅಮೆರಿಕದಲ್ಲಿ ಗಾಜಿನ ವಿದ್ಯೆ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯ. ಕಾರ್ಖಾನೆ ಶಾಲೆಯೂ ಆಗಿತ್ತು. ಯಾವ ಹೊತ್ತಿಗೆ ಪಾಕ ತಿಳಿಯಾಯಿತು, ಯಾವ ಹೊತ್ತಿಗೆ ಊದುಗೊಳವೆ ಅದ್ದಬೇಕು ಎಂಬುದನ್ನು ಕಣ್ಣಿನಿಂದಲೇ ಅಳೆಯಲು ಹುಡುಗರು ಕಲಿಯಬೇಕಿತ್ತು. ವಾರ್ಷ್ಣೇಯರು ಮುಂದೆ ಉತ್ತರದ ಬಹಜೋಯಿಯಲ್ಲಿ ಕಾರ್ಖಾನೆ ಕಟ್ಟಿದರು. ತಳೇಗಾಂವದಲ್ಲಿ ಪಳಗಿದ ಕೆಲಸಗಾರರು ದೇಶದ ಬೇರೆ ಬೇರೆ ಕುಲುಮೆಗಳಿಗೆ ಹೋದರು.