ಒಂದು ವಾಕ್ಯ, ಎರಡು ಅರ್ಥ: ಅಮೆರಿಕದಲ್ಲಿ ಕೋವಿಯ ಹಕ್ಕಿನ ವ್ಯಾಜ್ಯ

ಒಂಬತ್ತನೆಯ ತರಗತಿಯಲ್ಲಿ ಮಿಶ್ರವಾಕ್ಯದ ಪಾಠ ಮಾಡುತ್ತಿದ್ದೆವು. ಹಲಗೆಯ ಮೇಲೆ, “ಮಳೆಗಾಲವಾದುದರಿಂದ, ಮಕ್ಕಳು ತರಗತಿಯೊಳಗೆ ಕೊಡೆ ತರುವುದನ್ನು ಯಾರೂ ತಡೆಯಕೂಡದು” ಎಂದು ಬರೆದು, ಇದರಲ್ಲಿ ಪ್ರಧಾನ ವಾಕ್ಯ ಯಾವುದು, ಅಧೀನ ವಾಕ್ಯ ಯಾವುದು ಎಂದು ಕೇಳಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸರ್, ಹೀಗೆ ವಾಕ್ಯ ಬಿಡಿಸುವುದರಿಂದ ಪರೀಕ್ಷೆಯ ಅಂಕವಲ್ಲದೆ ಬೇರೇನು ಪ್ರಯೋಜನ?” ಎಂದ. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಒಂದು ದೊಡ್ಡ ದೇಶದಲ್ಲಿ ಜನರ ಪ್ರಾಣರಕ್ಷಣೆಯ ಪ್ರಶ್ನೆಯೇ ಒಂದು ವಾಕ್ಯವನ್ನು ಬಿಡಿಸುವ ರೀತಿಯ ಮೇಲೆ ನಿಂತಿದೆ. ಅದನ್ನು ವಿವರಿಸಿ ಅಂದಿನ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತೇವೆ.

ಆ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ 50 ರಾಜ್ಯಗಳಿವೆ. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಶಾಸನಸಭೆ, ತನ್ನದೇ ಕಾಯಿದೆಗಳು. ಎಲ್ಲಕ್ಕೂ ಮೇಲೆ ಒಕ್ಕೂಟದ ಸಂವಿಧಾನವಿದೆ. 1791ರ ಡಿಸೆಂಬರ್ 15ರಂದು ಆ ಸಂವಿಧಾನಕ್ಕೆ 10 ತಿದ್ದುಪಡಿಗಳು ಸೇರಿದವು. ಅವುಗಳಲ್ಲಿ ಎರಡನೆಯದು ಇಂಗ್ಲಿಷಿನಲ್ಲಿ 27 ಪದಗಳ ಒಂದೇ ವಾಕ್ಯ. ಅದರ ತಾತ್ಪರ್ಯ ಹೀಗಿದೆ: ಸುವ್ಯವಸ್ಥಿತವಾದ ನಾಗರಿಕ ಪಡೆಯು ಸ್ವತಂತ್ರ ರಾಜ್ಯದ ಭದ್ರತೆಗೆ ಅಗತ್ಯವಾಗಿರುವುದರಿಂದ, ಆಯುಧಗಳನ್ನು ಇರಿಸಿಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ಬರಕೂಡದು.

ನಮ್ಮ ಕೊಡೆಯ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಮಳೆಗಾಲ ಮುಗಿದು ಮಾರ್ಚ್ ತಿಂಗಳು ಬಂದಿದೆ. ಈಗಲೂ ತರಗತಿಗೆ ಕೊಡೆ ತರಬಹುದೇ? “ಮಳೆಗಾಗಿ ಕೊಟ್ಟ ಅನುಮತಿ ಮಳೆಯೊಡನೆ ಮುಗಿಯಿತು” ಎಂದು ಒಬ್ಬನು ವಾದಿಸುತ್ತಾನೆ. “ಮಳೆ ಎಂಬುದು ಕಾರಣ ಮಾತ್ರ, ತಡೆಯಕೂಡದು ಎಂಬುದೇ ಆಜ್ಞೆ” ಎಂದು ಇನ್ನೊಬ್ಬನು ಹೇಳುತ್ತಾನೆ. ಅಮೆರಿಕದ ವ್ಯಾಜ್ಯದ ತಿರುಳೂ ಇದೇ. ಇಂಗ್ಲಿಷಿನ ಮೂಲದಲ್ಲಿ ‘ಆದುದರಿಂದ’ ಎಂಬ ಮಾತು ಸ್ಪಷ್ಟವಾಗಿ ಇಲ್ಲ. ನಮ್ಮ ಹಳೆಯ ದಸ್ತಾವೇಜುಗಳ ‘ಆಗಿರಲಾಗಿ’ ಎಂಬ ಪ್ರಯೋಗವನ್ನು ಅದು ಹೋಲುತ್ತದೆ. ಆದುದರಿಂದ ಎರಡು ಭಾಗಗಳ ಸಂಬಂಧ ಎಷ್ಟು ಗಟ್ಟಿ ಎಂಬುದರ ಮೇಲೆ ಚರ್ಚೆಗೆ ಎಡೆಯಾಯಿತು.

ಆ ವಾಕ್ಯ ಹುಟ್ಟಿದ ಕಾಲದಲ್ಲಿ ಅಲ್ಲಿ ದೊಡ್ಡ ಸ್ಥಾಯೀ ಸೈನ್ಯವಿರಲಿಲ್ಲ. ರೈತರೂ ಕಸುಬುದಾರರೂ ತಮ್ಮ ತಮ್ಮ ಕೋವಿ ಹಿಡಿದು ಬಂದು ಪಡೆ ಸೇರಬೇಕಾಗಿತ್ತು. ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬುವ ಆ ಕೋವಿಯನ್ನು ಪಳಗಿದವನೂ ನಿಮಿಷಕ್ಕೆ ಮೂರು ನಾಲ್ಕು ಸಲ ಹಾರಿಸಿದರೆ ಹೆಚ್ಚು. ಕಾಲಕ್ರಮದಲ್ಲಿ ಆ ಹಳೆಯ ಪಡೆಗಳು ಮರೆಯಾದವು. ಪಡೆ ಹೋದ ಮೇಲೂ ಹಕ್ಕು ಉಳಿಯಿತೇ?

1939ರಲ್ಲಿ ನಳಿಗೆ ಕತ್ತರಿಸಿದ ಕೋವಿಯೊಂದರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ನಾಗರಿಕ ಪಡೆಗೂ ಇಂತಹ ಕೋವಿಗೂ ಸಂಬಂಧ ತೋರಿಬರದೆ ಇರುವುದರಿಂದ ಅದಕ್ಕೆ ಸಂವಿಧಾನದ ರಕ್ಷೆಯಿಲ್ಲವೆಂದು ತೀರ್ಪಾಯಿತು. ಮುಂದೆ ಸುಮಾರು 70 ವರ್ಷ ಹೆಚ್ಚಿನ ನ್ಯಾಯಾಲಯಗಳು ವಾಕ್ಯದ ಮೊದಲ ಭಾಗಕ್ಕೇ ಮಹತ್ವ ಕೊಟ್ಟವು. 2008ರ ಜೂನ್ 26ರಂದು ದಿಕ್ಕು ಬದಲಾಯಿತು. ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಮನೆಯಲ್ಲಿ ಪಿಸ್ತೂಲು ಇಡುವುದಕ್ಕಿದ್ದ ನಿಷೇಧವನ್ನು 9 ನ್ಯಾಯಾಧೀಶರಲ್ಲಿ 5 ಮಂದಿ ರದ್ದುಗೊಳಿಸಿದರು. ಮೊದಲ ಭಾಗ ಉದ್ದೇಶವನ್ನು ಸಾರುತ್ತದೆಯೇ ಹೊರತು ಎರಡನೆಯ ಭಾಗಕ್ಕೆ ಮಿತಿ ಹಾಕುವುದಿಲ್ಲ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ಬರೆದರು. ಮೊದಲ ಭಾಗವನ್ನು ಬದಿಗೆ ಸರಿಸಿ ಓದಲಾಗದು ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಭಿನ್ನಮತ ಬರೆದರು. ಆದರೆ ಈ ಹಕ್ಕು ಮಿತಿಯಿಲ್ಲದ್ದಲ್ಲ, ಶಾಲೆಗಳಂತಹ ಸ್ಥಳಗಳಲ್ಲಿ ಆಯುಧವನ್ನು ನಿಷೇಧಿಸಬಹುದು ಎಂಬ ಮಾತು ಸ್ಕಾಲಿಯರ ತೀರ್ಪಿನಲ್ಲಿಯೇ ಇದೆ. 2010ರಲ್ಲಿ ಶಿಕಾಗೋ ನಗರದ ಮೊಕದ್ದಮೆಯಲ್ಲಿ, ರಾಜ್ಯಗಳೂ ಈ ಹಕ್ಕಿಗೆ ಬದ್ಧವೆಂದು ತೀರ್ಮಾನವಾಯಿತು.

ರಾಜ್ಯಗಳ ನಿಷೇಧದ ಕಥೆ ಶಾಲೆಯಂಗಳದಿಂದಲೇ ಆರಂಭವಾಯಿತೆಂಬುದು ದುಃಖದ ಸಂಗತಿ. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಪಟ್ಟಣದ ಪ್ರಾಥಮಿಕ ಶಾಲೆಯೊಂದರಲ್ಲಿ 5 ಮಕ್ಕಳು ಗುಂಡಿಗೆ ಬಲಿಯಾದರು. ಅದೇ ವರ್ಷ ಆ ರಾಜ್ಯವು, ಬೆರಳು ಒತ್ತಿದಷ್ಟು ಸಲ ಗುಂಡು ಹಾರಿ ಮುಂದಿನ ತೋಟೆ ತಾನಾಗಿಯೇ ಬಂದು ಕೂರುವ, ಸೈನಿಕ ಮಾದರಿಯ ಹಲವು ಕೋವಿಗಳನ್ನು ನಿಷೇಧಿಸಿತು. 1994ರಲ್ಲಿ ಒಕ್ಕೂಟದ ಸಂಸತ್ತೇ ಅಂತಹ ಕಾಯಿದೆ ಮಾಡಿತಾದರೂ ಅದರ ಅವಧಿ 10 ವರ್ಷ. 2004ರಲ್ಲಿ ಅದು ತಾನಾಗಿಯೇ ಕೊನೆಗೊಂಡಿತು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಂದಿ ಎಳೆಯ ಮಕ್ಕಳೂ 6 ಮಂದಿ ಹಿರಿಯರೂ ಹತರಾದರು. ಮರುವರ್ಷ ಕನೆಕ್ಟಿಕಟ್, ನ್ಯೂಯಾರ್ಕ್, ಮೇರಿಲ್ಯಾಂಡ್ ರಾಜ್ಯಗಳು ನಿಷೇಧವನ್ನು ಬಿಗಿಗೊಳಿಸಿದವು. ಒಕ್ಕೂಟದ ಸೆನೆಟ್ಟಿನಲ್ಲಿ ಮಾತ್ರ ಮಸೂದೆ ಬಿದ್ದುಹೋಯಿತು. 2024ರ ಕೊನೆಗೆ ಇಂತಹ ನಿಷೇಧವಿದ್ದ ರಾಜ್ಯಗಳು 10. ಪರವಾನಗಿಯೇ ಇಲ್ಲದೆ ಪಿಸ್ತೂಲು ಧರಿಸಿ ನಡೆಯಬಹುದಾದ ರಾಜ್ಯಗಳು 29.

ಎರಡು ಪಕ್ಷಗಳ ಮಾತನ್ನೂ ಕೇಳುವುದು ನ್ಯಾಯ. ಕೋವಿಯ ಹಕ್ಕಿನವರು, “ಪೊಲೀಸರು ತಲುಪಲು ಗಂಟೆಗಟ್ಟಲೆ ಬೇಕಾಗುವ ಒಂಟಿ ಮನೆಗಳಲ್ಲಿ ನಮ್ಮನ್ನು ಕಾಯುವವರಾರು? ಕೋಟ್ಯಂತರ ಸಜ್ಜನರಲ್ಲಿ ಕೋವಿಯಿದೆ. ಒಬ್ಬ ದುಷ್ಟನಿಗಾಗಿ ಎಲ್ಲರ ಹಕ್ಕು ಕಸಿಯುವುದೇಕೆ?” ಎನ್ನುತ್ತಾರೆ. ಅಲ್ಲಿ ಕೋವಿಯಿಂದಾಗುವ ಕೊಲೆಗಳಲ್ಲಿ ಹೆಚ್ಚಿನವು ಪಿಸ್ತೂಲಿನಿಂದ ಎಂಬುದನ್ನೂ ಅವರು ನೆನಪಿಸುತ್ತಾರೆ. ನಿಷೇಧದವರು, “ಒಂದೆರಡು ನಿಮಿಷಗಳಲ್ಲಿ ತರಗತಿಯನ್ನೇ ಬರಿದುಮಾಡುವ ಆಯುಧವು 1791ರ ಮದ್ದಿನ ಕೋವಿಯಲ್ಲ; ಮಕ್ಕಳಿಗೂ ಬದುಕುವ ಹಕ್ಕಿದೆ” ಎನ್ನುತ್ತಾರೆ. ಸಂವಿಧಾನವನ್ನೇ ತಿದ್ದೋಣವೆಂದರೆ ಕನಿಷ್ಠ 38 ರಾಜ್ಯಗಳ ಒಪ್ಪಿಗೆ ಬೇಕು, ಅದು ಸುಲಭಸಾಧ್ಯವಲ್ಲ. ಹೀಗಾಗಿ ವಾಕ್ಯ ಹಾಗೆಯೇ ಉಳಿದು, ಅರ್ಥಕ್ಕಾಗಿ ಹೋರಾಟ ನಡೆಯುತ್ತದೆ.

2022ರ ಜೂನ್ 23ರಂದು ನ್ಯೂಯಾರ್ಕಿನ ಶತಮಾನದ ಹಿಂದಿನ ಪರವಾನಗಿ ಕಾಯಿದೆಯೊಂದನ್ನು ರದ್ದುಮಾಡುತ್ತ, ಕೋವಿಯ ಕಾಯಿದೆ ಯಾವುದೇ ಇರಲಿ, ದೇಶದ ಚಾರಿತ್ರಿಕ ಪರಂಪರೆಗೆ ಹೊಂದಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಂದಿನಿಂದ ವಕೀಲರು ಹಳೆಯ ಕಾಯಿದೆ ಪುಸ್ತಕಗಳನ್ನು ಹುಡುಕತೊಡಗಿದರು. 2024ರಲ್ಲಿ, ಮನೆಯವರ ಮೇಲೆ ಹಿಂಸೆ ನಡೆಸುವನೆಂದು ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನಿಂದ ಆಯುಧ ಕಿತ್ತುಕೊಳ್ಳಬಹುದೆಂದು 8 ಮಂದಿ ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಮೇರಿಲ್ಯಾಂಡಿನ ನಿಷೇಧವನ್ನು ಪ್ರಶ್ನಿಸಿದ ಅರ್ಜಿಯನ್ನು 2025ರ ಜೂನ್ 2ರಂದು ಅದೇ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಲು 4 ಮಂದಿ ಬೇಕು. ಬಹಿರಂಗವಾಗಿ ಬಯಸಿದವರು 3 ಮಂದಿ. ಹಾಗೆ ಕೆಳಗಿನ ನ್ಯಾಯಾಲಯ ಎತ್ತಿಹಿಡಿದಿದ್ದ ನಿಷೇಧ ಉಳಿಯಿತು.

ನಮ್ಮ ದೇಶದಲ್ಲಿ ಹೇಗೆ? ಕಾಡುಹಂದಿ ಕಾಟವಿರುವ ನಮ್ಮ ತೋಟದ ಮನೆಗಳಲ್ಲಿ ಲೈಸನ್ಸಿನ ಕೋವಿಯನ್ನು ನೀವು ನೋಡಿರಬಹುದು. 1959ರ ಆಯುಧ ಕಾಯಿದೆಯಂತೆ ಅದು ಸರಕಾರ ಕೊಟ್ಟ ಅನುಮತಿಯೇ ಹೊರತು ಸಂವಿಧಾನದ ಹಕ್ಕಲ್ಲ. ನೆರೆಯ ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದೂ ಅವಧಿಯುಳ್ಳ ವಿನಾಯಿತಿಯೇ. ನಮ್ಮ ಸಂವಿಧಾನದ 19ನೆಯ ವಿಧಿಯಾದರೋ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಕೊಡುತ್ತದೆ. ‘ಆಯುಧಗಳಿಲ್ಲದೆ’ ಎಂಬ ಆ ಒಂದು ಮಾತಿನ ಬೆಲೆಯನ್ನು ಮೇಲಿನ ಕಥೆ ಓದಿದವರು ಬಲ್ಲರು.

ಗಡಿನಾಡಿನ ನಮಗೆ ಇನ್ನೊಂದು ಪಾಠವೂ ಇದರಲ್ಲಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವು ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ‘ಸಾಕಷ್ಟು’ ಎಂದರೆ ಎಷ್ಟು? ‘ಯತ್ನ’ ಎಂದರೆ ಏನು? ಇದನ್ನು ಓದಿ, ಅರ್ಥಮಾಡಿ, ಕೇಳಬಲ್ಲವರು ನಮ್ಮಲ್ಲಿ ಬೇಕು.

ಹಿಂದಿನ ಬೆಂಚಿನ ಹುಡುಗನಿಗೆ ನಮ್ಮ ಉತ್ತರ ಇಷ್ಟೇ: ಅಪ್ಪಾ, ವಾಕ್ಯ ಬಿಡಿಸುವುದನ್ನು ಚೆನ್ನಾಗಿ ಕಲಿ. ಬರೆಯುವಾಗ ಎರಡು ಅರ್ಥ ಬಾರದಂತೆ ಬರೆ. ಓದುವಾಗ ಎರಡು ಅರ್ಥಗಳನ್ನೂ ತಾಳ್ಮೆಯಿಂದ ನೋಡು. ನಾಳೆ ನೀನು ಬರೆಯುವ ಕರಾರುಪತ್ರವನ್ನೋ ಅರ್ಜಿಯನ್ನೋ ನಿನ್ನ ಮೊಮ್ಮಕ್ಕಳು ಓದಬೇಕಾಗಬಹುದು.