ಚಳಿ ಬರುವುದು ಬೆನ್ನಿನ ಕಡೆಯಿಂದ: ಊಟಿ, ಕೊಡೈಕೆನಾಲ್‌ನಲ್ಲಿ ಜೋಲಿ ಕಟ್ಟಿ ಮಲಗುವ ಮುನ್ನ ಓದಿ



ಡಿಸೆಂಬರ್ ರಜೆ ಬಂತೆಂದರೆ ಚೆನ್ನೈನ ನಮ್ಮ ಮನೆಗಳಲ್ಲಿ ಒಂದೇ ಮಾತು: ಈ ಸಲ ಊಟಿಗೋ, ಕೊಡೈಕೆನಾಲ್‌ಗೋ, ಏರ್ಕಾಡಿಗೋ? ಈಗಿನ ಮಕ್ಕಳಿಗೆ ಲಾಡ್ಜ್ ರೂಮು ಸಾಲದು. ಹೋಂಸ್ಟೇ ತೋಟದಲ್ಲಿ ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ, ನಕ್ಷತ್ರ ನೋಡುತ್ತಾ ಮಲಗಬೇಕು. ಹ್ಯಾಮಕ್ ನಮಗೆ ಹೊಸದೇನಲ್ಲ. ಅಜ್ಜಿ ಹಳೇ ಸೀರೆಯಲ್ಲಿ ಮಗುವಿಗೆ ಕಟ್ಟುತ್ತಿದ್ದ ಜೋಲಿ, ಇಲ್ಲಿನ ತಮಿಳರು ತೂಳಿ ಎನ್ನುವುದು, ಅದೇ ದೊಡ್ಡವರ ಅಳತೆಗೆ ಬಂದಿದೆ.

ಆಸೆ ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಏನಾಗುತ್ತದೆ ಗೊತ್ತೇ? ಮೇಲೆ ಎರಡೆರಡು ರಗ್ಗು ಇದ್ದರೂ ಬೆನ್ನು, ಸೊಂಟ ತಣ್ಣಗೆ ಕೊರೆಯುತ್ತದೆ. ಹಲ್ಲು ಕಟಕಟ ಎನ್ನುತ್ತದೆ. "ಇನ್ನೊಂದು ರಗ್ಗು ತರಬೇಕಿತ್ತು" ಅನ್ನಿಸುತ್ತದೆ. ತಪ್ಪು ರಗ್ಗಿನ ಲೆಕ್ಕದಲ್ಲಿಲ್ಲ, ಅದನ್ನು ಹಾಕಿದ ಜಾಗದಲ್ಲಿದೆ.

*ಎಷ್ಟು ಚಳಿ ಇರುತ್ತದೆ?*

ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಚೆನ್ನೈನಲ್ಲಿ ರಾತ್ರಿ 22 ಡಿಗ್ರಿ ಇದ್ದರೆ ಅಲ್ಲಿ 7-8 ಡಿಗ್ರಿ ಎಂದಾಯಿತು. ಮೋಡವಿಲ್ಲದ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇನ್ನೂ ಇಳಿದು ಸೊನ್ನೆಯ ಹತ್ತಿರ ಹೋಗುವುದೂ ಉಂಟು. ಇದಕ್ಕೆ ಗಾಳಿ ಸೇರಿದರೆ ಲೆಕ್ಕವೇ ಬೇರೆ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಅದು ಸೊನ್ನೆ ಡಿಗ್ರಿಯಂತೆ ತಾಗುತ್ತದೆ.

*ಜೋಲಿಯಲ್ಲಿ ಚಳಿ ಹೆಚ್ಚು ಯಾಕೆ?*

ರಜಾಯಿ ನಮ್ಮನ್ನು ಬೆಚ್ಚಗಿಡುವುದು ಅದರ ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ನೀವು ಅದರ ಮೇಲೆ ಮಲಗಿದಾಗ ಮೈಭಾರಕ್ಕೆ ಆ ಗಾಳಿಯೆಲ್ಲ ಹೊರಗೆ ಹೋಗಿ ರಜಾಯಿ ಚಪ್ಪಟೆಯಾಗುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗಿನ ಕತೆಯೂ ಇದೇ. ಕೆಳಗೆ ಉಳಿಯುವುದು ತೆಳ್ಳನೆಯ ನೈಲಾನ್ ಬಟ್ಟೆ. ಅದರಡಿಯಲ್ಲಿ ಗಾಳಿ ಹಾಯುತ್ತಾ ಇಡೀ ರಾತ್ರಿ ಮೈಶಾಖವನ್ನು ಹೊತ್ತೊಯ್ಯುತ್ತದೆ.

ನಂಬಿಕೆ ಬಾರದಿದ್ದರೆ ಹೊರಡುವ ಮೊದಲು ಮನೆಯಲ್ಲೇ ನೋಡಿ. ಟೆರೇಸಿನಲ್ಲಿ ಜೋಲಿ ಕಟ್ಟಿ, ಕೆಳಗೆ ಟೇಬಲ್ ಫ್ಯಾನ್ ಇಟ್ಟು ಅರ್ಧ ಗಂಟೆ ಮಲಗಿ. ಚೆನ್ನೈ ಸೆಕೆಯಲ್ಲೂ ಬೆನ್ನು ತಣ್ಣಗಾಗುತ್ತದೆ!

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದರು ಹಿರಿಯರು. ಜೋಲಿಯಲ್ಲಿ ಹಾಸಿಗೆಯೇ ಇರುವುದಿಲ್ಲ. ಆದ್ದರಿಂದ *ಮೊದಲು ಹಾಸಿಗೆ, ಆಮೇಲೆ ಹೊದಿಕೆ.* ಇದೊಂದು ಮಾತು ನೆನಪಿಟ್ಟರೆ ಸಾಕು.

*ಹಾಸಿಗೆ ಮಾಡಿಕೊಳ್ಳುವುದು ಹೇಗೆ?*

1. ಎಲ್ಲಕ್ಕಿಂತ ಒಳ್ಳೆಯದು, ಒಂದು ರಜಾಯಿಯನ್ನು ಜೋಲಿಯ *ಹೊರಗೆ, ಅಡಿಯಲ್ಲಿ* ತೂಗುಹಾಕುವುದು. ರಜಾಯಿಯ ನಾಲ್ಕು ಮೂಲೆಯಲ್ಲೂ ಒಂದೊಂದು ಗೋಲಿ ಇಟ್ಟು ಬಟ್ಟೆ ಸಮೇತ ದಾರದಿಂದ ಬಿಗಿಯಿರಿ, ದಾರ ಜಾರುವುದಿಲ್ಲ. ದಾರದ ತುದಿಗಳನ್ನು ಜೋಲಿಯ ಎರಡು ತುದಿಗಳಿಗೆ ಕಟ್ಟಿ. ರಜಾಯಿ ಬೆನ್ನಿಗೆ ತಾಗಿರಬೇಕು, ಒತ್ತಿರಬಾರದು. ಜೋತುಬಿದ್ದು ನಡುವೆ ಸಂದಿ ಉಳಿದರೆ ಗಾಳಿ ಅಲ್ಲೇ ನುಗ್ಗುತ್ತದೆ.

2. ಅದು ಕಷ್ಟವಾದರೆ ಒಳಗೆ ಯೋಗ ಮ್ಯಾಟ್ ಹಾಸಿ. ಒಂದು ತೆಳ್ಳಗಾಗುತ್ತದೆ, ಎರಡು ಇರಲಿ. ಫೋಮ್ ಮೈಭಾರಕ್ಕೆ ಅಷ್ಟಾಗಿ ಚಪ್ಪಟೆಯಾಗುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ಇದ್ದರೆ ಮ್ಯಾಟನ್ನು ಅದರೊಳಗೇ ತೂರಿಸಿ, ರಾತ್ರಿ ಜಾರುವುದಿಲ್ಲ. ಭುಜದ ಭಾಗ ಅಗಲವಾಗಿ ಮುಚ್ಚಿರಬೇಕು.

3. ಊರಿನಿಂದ ತಂದ ಕುರಿ ಉಣ್ಣೆಯ ಕಂಬಳಿ ಅಟ್ಟದ ಮೇಲಿದ್ದರೆ ಇಳಿಸಿ. ಚಳ್ಳಕೆರೆ ಕಡೆಯ ಕಂಬಳಿ ಚುಚ್ಚುತ್ತದೆ ನಿಜ. ಆದರೆ ಉಣ್ಣೆ ಸ್ವಲ್ಪ ತೇವವಾದರೂ ಬಿಸಿ ಉಳಿಸಿಕೊಳ್ಳುತ್ತದೆ, ಹತ್ತಿ ಹಾಗಲ್ಲ. ಕಂಬಳಿಯನ್ನು ಮ್ಯಾಟಿನ ಮೇಲೆ ಹಾಸಿಕೊಳ್ಳಿ.

*ಜಾಗ ಮತ್ತು ಗಾಳಿ*

ಬೋಳು ಗುಡ್ಡದ ತುದಿ ಬೇಡ, ಅಲ್ಲಿ ಗಾಳಿ ಹೆಚ್ಚು. ಕಣಿವೆಯ ತಳವೂ ಬೇಡ. ತಣ್ಣನೆಯ ಗಾಳಿ ಭಾರವಾಗಿರುವುದರಿಂದ ರಾತ್ರಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಊಟಿ ಹತ್ತಿರದ ತಲೈಕುಂದಾದಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಹಿಮ ಕಾಣುವುದು ಹೀಗೆಯೇ. ಇಳಿಜಾರಿನ ನಡುಭಾಗ, ಗಾಳಿಗೆ ಮರೆಯಾದ ಕಡೆ ಉತ್ತಮ. ಟಾರ್ಪಾಲಿನ್ನನ್ನು ತಗ್ಗಾಗಿ ಕಟ್ಟಿ, ಗಾಳಿ ಬರುವ ಕಡೆಯ ಅಂಚನ್ನು ನೆಲದವರೆಗೆ ಇಳಿಸಿ. ಒಣಗಿದ ಮರಕ್ಕಾಗಲಿ, ಒಣಕೊಂಬೆಯ ಕೆಳಗಾಗಲಿ ಜೋಲಿ ಕಟ್ಟಬೇಡಿ.

ನೀಲಗಿರಿಯ ಬಡಗರ ಮಾತು ನಮ್ಮ ಕನ್ನಡಕ್ಕೆ ಬಲು ಹತ್ತಿರ. ಅಲ್ಲಿನ ಹಿರಿಯರನ್ನು ಕಂಡರೆ "ಗಾಳಿ ಯಾವ ಕಡೆಯಿಂದ ಬರುತ್ತೆ ಅಯ್ಯಾ?" ಎಂದು ಕೇಳಿ ನೋಡಿ. ಯಾವ ಆ್ಯಪ್ ಕೂಡ ಅಷ್ಟು ಸರಿಯಾಗಿ ಹೇಳಲಾರದು. ಕಾಡಿನೊಳಗೆ ಅನುಮತಿಯಿಲ್ಲದೆ ಮಲಗುವ ಸಾಹಸ ಮಾತ್ರ ಬೇಡ. ಅದು ಆನೆ, ಕಾಟಿ ಓಡಾಡುವ ಜಾಗ.

*ಮಲಗುವ ಮುನ್ನ*

• ದಿನವಿಡೀ ಬೆವರಿದ ಬನಿಯನ್, ಕಾಲುಚೀಲ ಬದಲಿಸಿ. ತೇವದ ಬಟ್ಟೆ ಚಳಿಗೆ ಬಾಗಿಲು ತೆರೆದಂತೆ.
• ಮಂಕಿ ಕ್ಯಾಪ್ ಹಾಕಿ. ಮುಖವನ್ನು ರಗ್ಗಿನೊಳಗೆ ಎಳೆದುಕೊಳ್ಳಬೇಡಿ, ಉಸಿರಿನ ತೇವಕ್ಕೆ ಹೊದಿಕೆ ಒದ್ದೆಯಾಗುತ್ತದೆ.
• ಹೊಟ್ಟೆ ತುಂಬ ಊಟ ಮಾಡಿ. ಮೈ ಬಿಸಿಯಾಗಲು ಉರುವಲು ಬೇಕಲ್ಲ!
• ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊಟ್ಟೆಯ ಹತ್ತಿರ ಇಟ್ಟುಕೊಳ್ಳಿ. *ಸಕ್ಕರೆ ಕಾಯಿಲೆ ಇರುವವರು ಕಾಲಿನ ಬಳಿ ಇಡಬೇಡಿ.* ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟರೂ ತಿಳಿಯುವುದಿಲ್ಲ.
• "ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತೆ" ಎನ್ನುವುದು ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.
• ಟೆಂಟು, ಕೋಣೆ, ಮುಚ್ಚಿದ ಟಾರ್ಪಾಲಿನ್ ಒಳಗೆ *ಇದ್ದಿಲಿನ ಕೆಂಡ ಖಂಡಿತ ಬೇಡ.* ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

*ಈ ಲಕ್ಷಣ ಕಂಡರೆ ತಡಮಾಡಬೇಡಿ*

ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಅದು ಅಪಾಯ. ಇದಕ್ಕೆ ಹಿಮವೇ ಬೀಳಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ ಸೇರಿದರೆ 10 ಡಿಗ್ರಿಯಲ್ಲೂ ಆಗಬಹುದು. ತಡೆಯಲಾಗದ ನಡುಕ, ತೊದಲುವ ಮಾತು, ಗುಂಡಿ ಹಾಕಲೂ ಬಾರದ ಬೆರಳು, ಮಂಕು ಕವಿದಂತಿರುವುದು ಇದರ ಗುರುತು. *ಚಳಿ ಹಾಗೇ ಇದ್ದು ನಡುಕ ಮಾತ್ರ ನಿಂತರೆ "ಸರಿಹೋಯಿತು" ಎಂದುಕೊಳ್ಳಬೇಡಿ, ಅದು ಇನ್ನೂ ಕೆಟ್ಟ ಲಕ್ಷಣ.*

ಕೂಡಲೇ ಒಳಗೆ ಕರೆದೊಯ್ಯಿರಿ. ಒದ್ದೆ ಬಟ್ಟೆ ತೆಗೆದು, ಎದೆ, ಹೊಟ್ಟೆ, ಕುತ್ತಿಗೆ ಬೆಚ್ಚಗೆ ಮಾಡಿ. ಪೂರ್ತಿ ಎಚ್ಚರವಿದ್ದರೆ ಸಿಹಿಯಾದ ಬಿಸಿ ಹಾಲು, ಚಹಾ ಕೊಡಿ. ಕೈಕಾಲು ಉಜ್ಜಬೇಡಿ. 108ಕ್ಕೆ ಕರೆ ಮಾಡಿ.

ಹಸುಗೂಸು, ವಯಸ್ಸಾದವರು, ಹೃದ್ರೋಗ, ಬಿಪಿ, ಆಸ್ತಮಾ, ಥೈರಾಯ್ಡ್ ತೊಂದರೆ ಇರುವವರು ರಾತ್ರಿ ಕೋಣೆಯಲ್ಲೇ ಮಲಗಲಿ. ಅಜ್ಜಿ ತಾತನನ್ನು ಸಂಜೆ ಬಿಸಿಲಿನಲ್ಲಿ ಜೋಲಿಯಲ್ಲಿ ಕೂರಿಸಿ ತೂಗಿ, ಅವರೂ ಖುಷಿಪಡುತ್ತಾರೆ.

ಮತ್ತೊಂದು ಮಾತು. ಜೋಲಿಯಲ್ಲಿ ಮಲಗಿದವರು "ಬೆನ್ನು ಚಳಿ" ಎಂದರೆ ಬೆಳಗಾಗಲಿ ಎಂದು ಕಾಯಬೇಡಿ. ಎಬ್ಬಿಸಿ ಒಳಗೆ ಕರೆತನ್ನಿ. ನಕ್ಷತ್ರ ನಾಳೆಯೂ ಇರುತ್ತವೆ.

ಬೆಟ್ಟಕ್ಕೆ ಹೊರಟಿರುವ ನಿಮ್ಮ ಬಂಧುಮಿತ್ರರಿಗೂ ಇದನ್ನು ಕಳಿಸಿ. 🙏