ಭಾರವಾದ ಮನಸ್ಸು ಗೋಲು ಹೊಡೆಯುತ್ತದೆಯೇ?

2018ರ ಜೂನ್ 1. ಮುಂಬೈನ ಮೈದಾನದಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5–0 ಅಂತರದಲ್ಲಿ ಸೋಲಿಸಿತು. ನಾಯಕ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಅದನ್ನು ನೋಡಲು ಬಂದಿದ್ದವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ಮರುದಿನ ಛೆಟ್ರಿ ಒಂದು ವಿಡಿಯೊ ಹಾಕಿದರು. ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಒಮ್ಮೆ ಮೈದಾನಕ್ಕೆ ಬಂದು ನೋಡಿ ಎಂದು ಬೇಡಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧ ನಡೆದದ್ದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯ. ಮಳೆಯಲ್ಲೂ ಕ್ರೀಡಾಂಗಣ ತುಂಬಿ ತುಳುಕಿತು. ಭಾರತ 3–0ರಿಂದ ಗೆದ್ದಿತು, ಛೆಟ್ರಿ ಎರಡು ಗೋಲು ಹೊಡೆದರು.

ಅಭಿಮಾನಿಗಳ ಪ್ರೀತಿಯೇ ಗೋಲಾಯಿತು ಎಂದು ಅಂದು ಎಲ್ಲರೂ ಮಾತಾಡಿಕೊಂಡರು. ಕೇಳಲು ಚೆಂದ. ಆದರೆ ಆರು ವರ್ಷ ಮುಂದಕ್ಕೆ ಬನ್ನಿ. 2024ರ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಕುವೈತ್ ವಿರುದ್ಧದ ಆ ವಿಶ್ವಕಪ್ ಅರ್ಹತಾ ಪಂದ್ಯವೇ ತಮ್ಮ ಕೊನೆಯ ಪಂದ್ಯ ಎಂದು ಛೆಟ್ರಿ ಮೂರು ವಾರ ಮೊದಲೇ ಘೋಷಿಸಿದ್ದರು. ಸುಮಾರು 59 ಸಾವಿರ ಜನ ಸೇರಿದ್ದರು. ಭಾವನೆಗೆ ಅಲ್ಲಿ ಏನೂ ಕೊರತೆ ಇರಲಿಲ್ಲ. ಪಂದ್ಯ 0–0ರಲ್ಲಿ ಮುಗಿಯಿತು. ಛೆಟ್ರಿ ಕಣ್ಣೀರು ಹಾಕುತ್ತಾ ಮೈದಾನ ಬಿಟ್ಟರು.

ಒಬ್ಬನೇ ಆಟಗಾರ, ಎರಡು ಭಾವುಕ ಪಂದ್ಯ, ಎರಡು ಬೇರೆ ಫಲಿತಾಂಶ. ಹಾಗಾದರೆ ಪಂದ್ಯಕ್ಕೆ ಮೊದಲು ಮನಸ್ಸನ್ನು ಕಲಕುವ ಘಟನೆಗಳು ವೃತ್ತಿಪರ ಆಟಗಾರನ ಆಟವನ್ನು ನಿಜಕ್ಕೂ ಬದಲಿಸುತ್ತವೆಯೇ?

ನಮ್ಮ ಡಾಬಕಾ, ಔರಾದ್ ಕಡೆ ಹುಡುಗರು ಹೆಚ್ಚಾಗಿ ಆಡುವುದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಏನಿದ್ದರೂ ಮೊಬೈಲ್ ಪರದೆಯ ಮೇಲಿನ ಆಟ. ಆದರೂ ಈ ಪ್ರಶ್ನೆ ನಮಗೂ ಸೇರಿದ್ದು. ಪರೀಕ್ಷೆಯ ಹಿಂದಿನ ದಿನ, ಸಂದರ್ಶನದ ಹಿಂದಿನ ರಾತ್ರಿ ಮನೆಯಲ್ಲಿ ಏನಾದರೂ ನಡೆದರೆ ನಾವು ಕೇಳಿಕೊಳ್ಳುವುದೂ ಇದನ್ನೇ.

ಲೆಕ್ಕ ಅಷ್ಟು ಸರಳವಿಲ್ಲ

ಛೆಟ್ರಿಯ ಕತೆಯಲ್ಲೇ ಒಂದು ಅಂಶ ನಮ್ಮ ಕಣ್ಣು ತಪ್ಪುತ್ತದೆ. ತುಂಬಿದ ಕ್ರೀಡಾಂಗಣದಲ್ಲಿ ಅವರು ಹೊಡೆದದ್ದು ಎರಡು ಗೋಲು. ಮೂರು ದಿನ ಮೊದಲು ಖಾಲಿ ಕುರ್ಚಿಗಳ ಮುಂದೆ ಹೊಡೆದದ್ದು ಮೂರು. ಆ ಟೂರ್ನಿಯಲ್ಲಿ ಅವರ ಒಟ್ಟು ಗೋಲು ಎಂಟು. ಅಂದರೆ ಅವರು ಆಗ ಒಳ್ಳೆಯ ಲಯದಲ್ಲಿದ್ದರು. ವಿಡಿಯೊ ಹಾಕದಿದ್ದರೂ ಕೀನ್ಯಾ ವಿರುದ್ಧ ಗೋಲು ಬರುತ್ತಿತ್ತೇನೋ. ಕೋಲ್ಕತ್ತದಲ್ಲಿ ಆಡುವಾಗ ಅವರಿಗೆ 39 ವರ್ಷ, ಎದುರಾಳಿಯೂ ಬೇರೆ. ಪ್ರಯೋಗಾಲಯದಲ್ಲಿ ಮೂರು ಅಂಶಗಳನ್ನು ಒಟ್ಟಿಗೆ ಬದಲಿಸಿದರೆ ಫಲಿತಾಂಶಕ್ಕೆ ಯಾವುದು ಕಾರಣ ಎಂದು ಹೇಳಲಾಗದು. ಫುಟ್‌ಬಾಲ್‌ನಲ್ಲೂ ಅಷ್ಟೇ.

2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅವರ 150ನೇ ಪಂದ್ಯ ನಡೆಯಿತು. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು, ಆದರೆ ಅಫ್ಗಾನಿಸ್ತಾನ 2–1ರಿಂದ ಗೆದ್ದಿತು. ನಾಯಕನ ಸಂಭ್ರಮ ತಂಡದ ಗೆಲುವಾಗಲಿಲ್ಲ.

ಬ್ರೆಜಿಲ್‌ನ ಕತೆ ಇನ್ನೂ ಕಠೋರ. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೇಮಾರ್ ಬೆನ್ನುಮೂಳೆಗೆ ಪೆಟ್ಟು ಬಿದ್ದು ಹೊರಗುಳಿದರು. ಜುಲೈ 8ರಂದು ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಮೊದಲು, ರಾಷ್ಟ್ರಗೀತೆಯ ಹೊತ್ತಿಗೆ, ಆಟಗಾರರು ನೇಮಾರ್ ಜೆರ್ಸಿಯನ್ನು ಎತ್ತಿ ಹಿಡಿದು ಹಾಡಿದರು. ತವರಿನ ಪ್ರೇಕ್ಷಕರು ಕೂಡ ಅವರೊಂದಿಗೆ ಕೂಗಿ ಹಾಡಿದರು. 29 ನಿಮಿಷ ಕಳೆಯುವಷ್ಟರಲ್ಲಿ ಜರ್ಮನಿ ಐದು ಗೋಲು ಹೊಡೆದಿತ್ತು. ಕೊನೆಗೆ 7–1. ಅತಿಯಾದ ಭಾವುಕತೆಯೇ ಮುಳುವಾಯಿತು ಎಂದು ಅನೇಕರು ಹೇಳಿದರು. ಆದರೆ ರಕ್ಷಣಾ ವಿಭಾಗದ ಆಧಾರವಾಗಿದ್ದ ನಾಯಕ ಥಿಯಾಗೊ ಸಿಲ್ವ ಕೂಡ ನಿಷೇಧದಿಂದಾಗಿ ಆ ದಿನ ಆಡಿರಲಿಲ್ಲ. ಗೆದ್ದಾಗ ಭಾವನೆಗೆ ಹಾರ ಹಾಕುವುದೂ ಸೋತಾಗ ಅದರ ತಲೆಗೆ ಕಟ್ಟುವುದೂ ಸುಲಭ.

ವಿಜ್ಞಾನ ಏನು ಹೇಳುತ್ತದೆ?

1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ತಪ್ಪು ದಾರಿ ಹಿಡಿದ ಇಲಿಗೆ ಸಣ್ಣ ವಿದ್ಯುತ್ ಶಾಕ್. ದಾರಿ ಗುರುತಿಸುವ ಕೆಲಸ ಸುಲಭವಾಗಿದ್ದಾಗ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಕೆಲಸ ಕಷ್ಟವಾದಾಗ ಮಾತ್ರ ಮಧ್ಯಮ ಶಾಕ್‌ನಲ್ಲಿ ಚೆನ್ನಾಗಿ ಕಲಿತವು, ಜೋರು ಶಾಕ್‌ನಲ್ಲಿ ತಡವರಿಸಿದವು. ಮನಸ್ಸಿನ ಉದ್ವೇಗದ ಬಗ್ಗೆ ಇಂದಿಗೂ ಕ್ರೀಡಾ ಮನಶ್ಶಾಸ್ತ್ರದಲ್ಲಿ ಈ ಪ್ರಯೋಗದ ಮಾತು ಬರುತ್ತದೆ. ಮನುಷ್ಯ ಇಲಿಯಲ್ಲ, ನಿಜ. ಆದರೂ ಓಡುವುದು, ಎದುರಾಳಿಯ ಬೆನ್ನು ಬಿಡದಿರುವುದು ಒಂದು ಬಗೆಯ ಕೆಲಸ. ಗೋಲ್‌ಕೀಪರ್ ಎದುರು ನಿಂತು ಮೂಲೆಗೆ ಅಳೆದು ಒದೆಯುವುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಕಿಚ್ಚು ಸಾಕು, ಎರಡನೆಯದಕ್ಕೆ ತಣ್ಣನೆಯ ತಲೆ ಬೇಕು.

2016ರ ಯೂರೊ ಕಪ್‌ನ 51 ಪಂದ್ಯಗಳಲ್ಲಿ ಆಟಗಾರರು ರಾಷ್ಟ್ರಗೀತೆಯನ್ನು ಎಷ್ಟು ತನ್ಮಯರಾಗಿ ಹಾಡಿದರು ಎಂಬುದನ್ನು ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಅಳೆದರು. ಹೆಚ್ಚು ಭಾವತುಂಬಿ ಹಾಡಿದ ತಂಡಗಳು ಕಡಿಮೆ ಗೋಲು ಬಿಟ್ಟುಕೊಟ್ಟಿದ್ದವು. ನಾಕೌಟ್ ಹಂತದಲ್ಲಿ ಅಂಥ ತಂಡಗಳು ಗೆಲ್ಲುವ ಸಾಧ್ಯತೆಯೂ ಹೆಚ್ಚಿತ್ತು. ಹಾಡಿದ್ದರಿಂದಲೇ ಗೆದ್ದರು ಎಂದು ಇದರ ಅರ್ಥವಲ್ಲ. ಒಗ್ಗಟ್ಟಿರುವ ತಂಡ ಚೆನ್ನಾಗಿ ಹಾಡುತ್ತದೆ, ಚೆನ್ನಾಗಿ ಆಡುತ್ತದೆ ಎಂದೂ ಇರಬಹುದು.

ನಾರ್ವೆಯ ಗೇರ್ ಜೋರ್ಡೆಟ್ ಪೆನಾಲ್ಟಿ ಶೂಟೌಟ್‌ಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಹೊಡೆದರೆ ಗೆಲುವು ಎಂಬ ಸ್ಥಿತಿಯಲ್ಲಿರುವವರು ಹೆಚ್ಚು ಗೋಲು ಹೊಡೆಯುತ್ತಾರೆ, ತಪ್ಪಿದರೆ ಸೋಲು ಎಂಬ ಸ್ಥಿತಿಯಲ್ಲಿರುವವರು ಹೆಚ್ಚು ತಪ್ಪುತ್ತಾರೆ ಎಂದು ಅವರು ಕಂಡುಕೊಂಡರು. ಒತ್ತಡದಲ್ಲಿರುವವರು ರೆಫರಿಯ ಸೀಟಿ ಕೇಳಿದ ಕೂಡಲೇ ಓಡಿ ಒದೆಯುತ್ತಾರೆ. ಬೇಗ ಮುಗಿದರೆ ಸಾಕು ಎಂಬ ಆತುರ ಅದು. ಪ್ರಶ್ನೆಪತ್ರಿಕೆ ಕೈಗೆ ಬಂದ ಮರುಕ್ಷಣವೇ ಪೂರ್ತಿ ಓದದೆ ಬರೆಯಲು ಶುರುಮಾಡುವ ನಮ್ಮ ಆತುರವೂ ಇದೇ ಜಾತಿಯದು.

ನಡುವೆ ಸಿಕ್ಕ ಸಮಯ

ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಎದ್ದು ಕಂಡದ್ದು ಬೇರೊಂದು ಅಂಶ. ಅದು, ಆಘಾತಕ್ಕೂ ಆಟಕ್ಕೂ ನಡುವೆ ಸಿಕ್ಕ ಸಮಯ.

2017ರ ಏಪ್ರಿಲ್ 11ರಂದು ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ತಂಡ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಹೊರಟಿದ್ದಾಗ ಅವರ ಬಸ್ ಪಕ್ಕದಲ್ಲಿ ಬಾಂಬ್ ಸಿಡಿಯಿತು. ಆಟಗಾರ ಮಾರ್ಕ್ ಬಾರ್ತ್ರಾ ಕೈಗೆ ಗಾಯವಾಯಿತು. ಮರುದಿನವೇ ಪಂದ್ಯ ಆಡಿಸಿದರು. ಮೊನಾಕೊ 3–2ರಿಂದ ಗೆದ್ದಿತು. ತಮ್ಮನ್ನು ಕೇಳದೆಯೇ ದಿನ ನಿಗದಿ ಮಾಡಿದರು ಎಂದು ಕೋಚ್ ಥಾಮಸ್ ಟುಶೆಲ್ ಬೇಸರ ತೋಡಿಕೊಂಡರು.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಹೃದಯಸ್ತಂಭನವಾಗಿ ಮೈದಾನದಲ್ಲೇ ಕುಸಿದರು. ಸಹ ಆಟಗಾರರು ಅಳುತ್ತಾ ಸುತ್ತ ಗೋಡೆಯಂತೆ ನಿಂತರು. ಅವರಿಗೆ ಪ್ರಜ್ಞೆ ಬಂದಿದೆ ಎಂದು ತಿಳಿದ ಮೇಲೆ ಅದೇ ರಾತ್ರಿ ಆಟ ಮುಂದುವರಿಯಿತು. ಡೆನ್ಮಾರ್ಕ್ ಪೆನಾಲ್ಟಿಯನ್ನು ಕೈಚೆಲ್ಲಿ ಫಿನ್‌ಲೆಂಡ್‌ಗೆ 0–1ರಿಂದ ಸೋತಿತು. ಅಂದು ಆಟ ಮುಂದುವರಿಸಬಾರದಿತ್ತು ಎಂದು ಕೋಚ್ ಕ್ಯಾಸ್ಪರ್ ಯೂಲ್ಮಂಡ್ ನಂತರ ಹೇಳಿದರು. ಐದು ದಿನಗಳ ಬಳಿಕ ಬೆಲ್ಜಿಯಂ ಎದುರು ಎರಡನೇ ನಿಮಿಷದಲ್ಲೇ ಗೋಲು ಹೊಡೆದರೂ 1–2ರಿಂದ ಸೋತರು. ಒಂಬತ್ತನೇ ದಿನ ರಷ್ಯಾವನ್ನು 4–1ರಿಂದ ಮಣಿಸಿದರು. ಅಲ್ಲಿಂದ ಸೆಮಿಫೈನಲ್‌ವರೆಗೂ ನಡೆದರು. ತಂಡ ಅದೇ, ನೋವೂ ಅದೇ. ಅದನ್ನು ಹೊರಲು ಸ್ವಲ್ಪ ದಿನ ಸಿಕ್ಕಿತ್ತು.

ಜಾಂಬಿಯಾದ ಕತೆ ಈ ಸಾಲಿನ ಇನ್ನೊಂದು ತುದಿ. 1993ರ ಏಪ್ರಿಲ್ 27ರಂದು ಅವರ ರಾಷ್ಟ್ರೀಯ ತಂಡವಿದ್ದ ವಿಮಾನ ಗ್ಯಾಬನ್ ದೇಶದ ಲೀಬ್ರವಿಲ್ ಬಳಿ ಸಮುದ್ರಕ್ಕೆ ಬಿದ್ದು 18 ಆಟಗಾರರು ತೀರಿಕೊಂಡರು. 2012ರಲ್ಲಿ ಆಫ್ರಿಕಾ ಕಪ್ ಫೈನಲ್ ಅದೇ ಲೀಬ್ರವಿಲ್‌ನಲ್ಲಿ ಬಂತು. ಹೊಸ ತಲೆಮಾರಿನ ಆಟಗಾರರು ಪಂದ್ಯಕ್ಕೆ ಮೊದಲು ಸಮುದ್ರದಂಡೆಗೆ ಹೋಗಿ ಹೂವು ಅರ್ಪಿಸಿದರು. ಫೆಬ್ರುವರಿ 12ರಂದು ಬಲಾಢ್ಯ ಐವರಿ ಕೋಸ್ಟ್ ತಂಡವನ್ನು ಶೂಟೌಟ್‌ನಲ್ಲಿ 8–7ರಿಂದ ಸೋಲಿಸಿದರು. 19 ವರ್ಷಗಳಲ್ಲಿ ಆ ದುಃಖ ಆಘಾತವಾಗಿ ಉಳಿದಿರಲಿಲ್ಲ, ಒಂದು ಗುರಿಯಾಗಿ ಬದಲಾಗಿತ್ತು.

ಅರ್ಧ ಹೇಳಿದ ಕತೆಗಳು

ನನಗೆ ಈ ವಿಷಯ ಆಟಕ್ಕಿಂತ ದೊಡ್ಡದಾಗಿ ಕಂಡದ್ದು ಹಿಂದಿನ ಸೆಮಿಸ್ಟರ್‌ನಲ್ಲಿ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ನನ್ನ ಸಹಪಾಠಿಯೊಬ್ಬನ ತಂದೆ ತೀರಿಕೊಂಡರು. ಮೂರನೇ ದಿನದ ಕಾರ್ಯ ಮುಗಿಯುತ್ತಿದ್ದಂತೆ ಅವನ ಮನೆಯಲ್ಲಿ ದೊಡ್ಡವರೊಬ್ಬರು, ‘ಅಪ್ಪ ಹೋದ್ಮ್ಯಾಲ ಸಚಿನ್ ಸೆಂಚುರಿ ಹೊಡದಾನ, ನಿನಗ ಒಂದ್ ಪೇಪರ್ ಬರೀಲಿಕ್ಕ ಆಗಲ್ಲೇನು?’ ಅಂದರು. ಅವರದು ಕೆಟ್ಟ ಮನಸ್ಸಲ್ಲ, ಧೈರ್ಯ ತುಂಬಲಿಕ್ಕೇ ಹೇಳಿದ್ದು. ಅವನು ಬಂದ. ಮೊದಲ ಪೇಪರ್‌ನಲ್ಲಿ ಒಂದು ಗಂಟೆ ಕುಳಿತು ಎದ್ದು ಹೋದ. ಮೂರನೆಯದನ್ನು ಎಂದಿನಂತೆ ಬರೆದ. ಮೊದಲನೆಯದು ಬ್ಯಾಕ್‌ಲಾಗ್ ಆಯಿತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು, ‘ಸಚಿನ್‌ಗೆ ಆಗಿದ್ದು ನನಗ್ಯಾಕ ಆಗಲಿಲ್ಲ’ ಎಂಬ ಮಾತು.

ಸಚಿನ್ ಕತೆಯನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ. 1999ರ ವಿಶ್ವಕಪ್ ವೇಳೆ ತಂದೆ ತೀರಿಕೊಂಡಾಗ ಅವರು ಇಂಗ್ಲೆಂಡ್‌ನಿಂದ ಮನೆಗೆ ಹೋದರು. ಜಿಂಬಾಬ್ವೆ ವಿರುದ್ಧದ ಪಂದ್ಯ ಬಿಟ್ಟರು. ಭಾರತ ಅದರಲ್ಲಿ ಮೂರು ರನ್‌ನಿಂದ ಸೋತಿತು. ಅಂತ್ಯಕ್ರಿಯೆ ಮುಗಿಸಿ ಮರಳಿ ಬಂದ ಮೇಲೆ ಕೀನ್ಯಾ ವಿರುದ್ಧ ಔಟಾಗದೆ 140 ರನ್ ಹೊಡೆದರು. ಆಗ ಇನ್ನೊಂದು ತುದಿಯಲ್ಲಿ ನಮ್ಮ ರಾಹುಲ್ ದ್ರಾವಿಡ್ ಶತಕ ಬಾರಿಸಿ ನಿಂತಿದ್ದರು. ಇಬ್ಬರ ನಡುವೆ 237 ರನ್‌ಗಳ ಮುರಿಯದ ಜೊತೆಯಾಟ. ಸಚಿನ್‌ಗೆ ಮನೆಗೆ ಹೋಗುವ ಅವಕಾಶವಿತ್ತು, ಜೊತೆಗೆ ನಿಲ್ಲುವವರೂ ಇದ್ದರು.

ಬೀದರ್‌ನವರಿಗೆ ಪಕ್ಕದ ಊರಿನಂತಿರುವ ಹೈದರಾಬಾದ್‌ನ ಮೊಹಮ್ಮದ್ ಸಿರಾಜ್ ಕೂಡ ಹೀಗೆಯೇ ಉದಾಹರಣೆಯಾಗುತ್ತಾರೆ. 2020ರ ನವೆಂಬರ್ 20ರಂದು ಆಟೊ ಚಾಲಕರಾಗಿದ್ದ ಅವರ ತಂದೆ ತೀರಿಕೊಂಡರು. ಆಸ್ಟ್ರೇಲಿಯಾದಲ್ಲಿದ್ದ ಸಿರಾಜ್‌ಗೆ ಊರಿಗೆ ಹೋಗಬಹುದು ಎಂದು ಮಂಡಳಿ ಹೇಳಿತ್ತು. ಉಳಿಯುವ ನಿರ್ಧಾರ ಅವರದೇ. ಮೊದಲ ಟೆಸ್ಟ್ ಆಡಿದ್ದು ಡಿಸೆಂಬರ್ 26ರಂದು, ಅಂದರೆ ಒಂದು ತಿಂಗಳು ಕಳೆದ ಮೇಲೆ. ಸರಣಿಯಲ್ಲಿ 13 ವಿಕೆಟ್ ಪಡೆದರು. ಬೆಂಗಳೂರಿನ ಶಿಬಿರದಲ್ಲಿದ್ದಾಗ ತಂದೆಯನ್ನು ಕಳೆದುಕೊಂಡ ಹಾಕಿ ಆಟಗಾರ್ತಿ ವಂದನಾ ಕಟಾರಿಯಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಬಾರಿಸಿದ್ದು ಎರಡು ತಿಂಗಳ ನಂತರ.

ಅದೇ ದಿನ ಆಡಿ ಗೆದ್ದವರಿಲ್ಲವೇ? ಇದ್ದಾರೆ. 2006ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಕರ್ನಾಟಕದ ವಿರುದ್ಧದ ರಣಜಿ ಪಂದ್ಯದ ನಡುವೆ, ತಂದೆ ತೀರಿಕೊಂಡ ಬೆಳಿಗ್ಗೆ, 18ರ ವಿರಾಟ್ ಕೊಹ್ಲಿ ಬ್ಯಾಟ್ ಹಿಡಿದು ಬಂದು 90 ರನ್ ಮಾಡಿ ತಂಡವನ್ನು ಕಾಪಾಡಿದರು. ಆದರೆ ಇಂಥದ್ದು ನಮಗೆ ನೆನಪಿರುವುದೇ ಅಪರೂಪವಾದ್ದರಿಂದ. ಅಂಥ ಬೆಳಿಗ್ಗೆ ಆಡಿ ಸೊನ್ನೆಗೆ ಔಟಾದವರ, ಆಡದೆ ಮನೆಯಲ್ಲಿ ಉಳಿದವರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ದುಃಖವೇ ಶಕ್ತಿ ಎಂಬ ಉತ್ತರ ಬಂದೇ ಬರುತ್ತದೆ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಭಾವನೆ ಆಟವನ್ನು ಮುಟ್ಟುತ್ತದೆ, ಆದರೆ ಯಾವ ಕಡೆಗೆ ಎಂದು ಮೊದಲೇ ಹೇಳಲಾಗದು. ಸಮಯ, ಆಯ್ಕೆ, ಜೊತೆಗಾರರು ಇದ್ದವರು ಅದನ್ನು ಹೊತ್ತು ಆಡಬಲ್ಲರು. ಅವಿಲ್ಲದೆ ಮೈದಾನಕ್ಕೆ ತಳ್ಳಿದರೆ ಕೋಟಿ ಸಂಬಳದ ವೃತ್ತಿಪರರೂ ತಡವರಿಸುತ್ತಾರೆ. ನಾವಂತೂ ಇಪ್ಪತ್ತರ ವಿದ್ಯಾರ್ಥಿಗಳು.

ಗೆಳೆಯನ ಮನೆಯಲ್ಲಿ ಸಾವಾದಾಗ, ನಾಳೆ ಸಂದರ್ಶನವಿರುವ ಅಕ್ಕನ ಮನಸ್ಸು ಕದಡಿದಾಗ, ಸಚಿನ್, ಸಿರಾಜ್ ಹೆಸರು ಹೇಳುವ ಮೊದಲು ಒಂದು ಮಾತು ಕೇಳೋಣ: ‘ನಿನಗೇನು ಮಾಡಬೇಕು ಅನ್ನಿಸ್ತದ?’ ಹೋಗುತ್ತೇನೆ ಅಂದರೆ ಬಸ್ ಸ್ಟ್ಯಾಂಡ್‌ವರೆಗೆ ಜೊತೆಗೆ ನಡೆಯೋಣ. ಆಗುವುದಿಲ್ಲ ಅಂದರೆ ಮುಂದಿನ ಪರೀಕ್ಷೆಗೆ ನೋಟ್ಸ್ ಬರೆದಿಟ್ಟುಕೊಡೋಣ.